ಚಪ್ಪಲಿ ಡಬ್ಬದ ನಲವತ್ತೆರಡು ಕಾರ್ಡುಗಳು

ಮಧುಗಿರಿಯ ಹಳೇ ಬಸ್ ಸ್ಟ್ಯಾಂಡ್ ಹತ್ತಿರದ ತನ್ನ ಡಿಟಿಪಿ ಅಂಗಡಿಯ ಷಟರ್ ಎತ್ತಿ ಹಾಲೇಶ ಇನ್ನೂ ಊದುಬತ್ತಿ ಹಚ್ಚಿರಲಿಲ್ಲ, ಅಷ್ಟರಲ್ಲಿ ಡಾಕ್ಟರ್ ಶಿವರಂಜನಿ ಒಳಗೆ ಬಂದರು. ಪಾವಗಡದ ಆಸ್ಪತ್ರೆಯಲ್ಲಿ ಮಕ್ಕಳ ಡಾಕ್ಟರು. ಮೊದಲ ಬಸ್ಸಿಗೇ ಹೊರಟು ಬಂದಿದ್ದರು.

"ನನ್ನ ಲೇಖನ ಸುಳ್ಳು ಅಂತಿದಾರೆ ಹಾಲೇಶ್. ಕಾರ್ಡಿನ ಡಬ್ಬ ನಿಮ್ಮ ಕೈಗೆ ಬಂದಾಗ ಹೆಂಗಿತ್ತು, ಅಷ್ಟು ಹೇಳಿ."

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವ ಸ್ವಭಾವ ಹಾಲೇಶನದು. ಡಬ್ಬ ಬಿತ್ತೇ, ಕಾರ್ಡು ಚೆಲ್ಲಿತೇ ಎಂದು ಮನಸ್ಸಿನಲ್ಲೇ ಹುಡುಕಾಡಿದ. ಏನೂ ನೆನಪಾಗಲಿಲ್ಲ. ಡಾಕ್ಟರನ್ನು ಮಹಡಿಗೆ ಕರೆದುಕೊಂಡು ಹೋದ. ಅಲ್ಲಿ ಬಾಡಿಗೆಗಿದ್ದ ಪರ್ವತಯ್ಯನವರು ಮೂವತ್ತು ವರ್ಷ ಕಾಲೇಜು ಲೈಬ್ರರಿ ನೋಡಿಕೊಂಡವರು. ಕಳೆದುಹೋದ ಪುಸ್ತಕ ಹುಡುಕುವ ಚಪಲ ನಿವೃತ್ತಿಯಾದ ಮೇಲೆ ಊರವರ ಗೋಜಲುಗಳ ಕಡೆ ತಿರುಗಿತ್ತು. ಹಾಲೇಶನಿಗೆ ಅವರ ಹಿಂದೆ ಓಡಾಡುವುದೇ ಒಂದು ಖುಷಿ.

ಡಾಕ್ಟರು ಹೇಳಿದ ಕತೆ ಇಷ್ಟು. ಕುಡಿಯುವ ನೀರಿನ ಫ್ಲೋರೈಡ್ ಮಕ್ಕಳ ಮೂಳೆಗೆ ಏನು ಮಾಡುತ್ತದೆ ಎಂದು ನಾಲ್ಕು ವರ್ಷ ಹಳ್ಳಿ ಹಳ್ಳಿ ತಿರುಗಿ ಬರೆದಿದ್ದರು. ಆಧಾರವಾಗಿ ಹೆಸರಿಸಿದ ನಲವತ್ತೆರಡು ಲೇಖನಗಳಿಗೆ, ಬರೆದವರ ಹೆಸರಿನಲ್ಲಿ ಒಂದೊಂದು ಕಾರ್ಡು. ವೈದ್ಯಕೀಯ ಪತ್ರಿಕೆಯ ಕಟ್ಟುನಿಟ್ಟು ಏನೆಂದರೆ, ಬರಹದಲ್ಲಿ ಮೊದಲು ಬರುವ ಆಧಾರಕ್ಕೆ ಒಂದು, ಆಮೇಲಿನದಕ್ಕೆ ಎರಡು, ಕೊನೆಯ ಪಟ್ಟಿಯೂ ಅದೇ ಸಾಲಿನಲ್ಲಿರಬೇಕು. ಕಾರ್ಡುಗಳನ್ನು ಆ ಸಾಲಿನಲ್ಲೇ ಇಟ್ಟಿದ್ದರು, ಆದರೆ ಮೇಲೆ ಸಂಖ್ಯೆ ಬರೆದಿರಲಿಲ್ಲ. ಶನಿವಾರ ಚಪ್ಪಲಿ ಡಬ್ಬದಲ್ಲಿ ಹಾಕಿ, ತಮ್ಮ ಕೋಣೆ ಸೋರುತ್ತದೆಂದು ಆಸ್ಪತ್ರೆಯ ರೆಕಾರ್ಡ್ ರೂಮಿನಲ್ಲಿ ಇಡಿಸಿದರು. ಸೋಮವಾರ ಸಹಲೇಖಕನಾದ ಕಿರಿಯ ಡಾಕ್ಟರ್ ಕಿರಣ್ ಕುಮಾರ್ ಅದನ್ನು ಬಸ್ಸಿನಲ್ಲಿ ತಂದು ಹಾಲೇಶನಿಗೆ ಕೊಟ್ಟ. ಹಾಲೇಶ ಕಾರ್ಡು ಬಂದ ಸಾಲಿನಲ್ಲೇ ಪಟ್ಟಿ ಟೈಪು ಮಾಡಿ, ಲೇಖನಕ್ಕೆ ಸೇರಿಸಿ ಕಳಿಸಿದ.

"ಮಕ್ಕಳ ಕಾಲು ಸೊಟ್ಟಗಾಗುತ್ತೆ ಅಂತ ಬರೆದು ಒಂಬತ್ತು ಅಂತ ಹಾಕಿದೀನಿ. ಪಟ್ಟಿಯಲ್ಲಿ ಒಂಬತ್ತನೇದು ತೆಗೆದ್ರೆ ನೀರು ಸೋಸೋ ವಿಧಾನ! ಓದದೇ ತುರುಕಿದೀರಾ ಅಂತ ಸಂಪಾದಕರು ಕೇಳ್ತಿದಾರೆ. ಸಂಜೆ ಐದರೊಳಗೆ ಉತ್ತರ ಕೊಡಬೇಕು. ಇದು ಕಿರಣನದೇ ಕೆಲಸ. ಲೇಖಕರ ಸಾಲಲ್ಲಿ ಅವನ ಹೆಸರು ಮೂರನೇದಾಗಿ ಹಾಕಿದ್ದಕ್ಕೆ ಮುನಿಸು. ಹಂಗಂತಲೇ ಬರೆದು ಕಳಿಸ್ತೀನಿ."

ಹಾಗೆ ಬರೆದರೆ ಆ ಹುಡುಗನಿಗೆ ಮುಂದೆ ಯಾವ ಆಸ್ಪತ್ರೆಯೂ ಬಾಗಿಲು ತೆರೆಯುವುದಿಲ್ಲ ಎಂದು ಹಾಲೇಶನಿಗೂ ಅರ್ಥವಾಯಿತು.

ಪರ್ವತಯ್ಯ ಹಾಲೇಶನ ಕಡೆ ತಿರುಗಿದರು. ಪಟ್ಟಿಯ ಹೆಸರುಗಳನ್ನು ಓದು ಎಂದರು. ಹಾಲೇಶ ಓದಿದ: ಆಂಡರ್ಸನ್, ಈಟನ್, ಓಲ್ಸನ್, ಕಾರ್ಟರ್, ಗುಪ್ತ, ಚೌಧರಿ, ಜೋಶಿ... ಕೊನೆಯಲ್ಲಿ ಶರ್ಮ, ಶಾ, ಸಿಂಗ್, ಹ್ಯಾರಿಸ್. ಮುದುಕರ ಮೀಸೆಯಂಚಿನಲ್ಲಿ ನಗು ಮೂಡಿತು.

"ಕಾರ್ಡುಗಳನ್ನ ಯಾವುದರಲ್ಲಿ ಕಟ್ಟಿದ್ರಮ್ಮ?"

ರಬ್ಬರ್ ಬ್ಯಾಂಡು ಎಂದರು ಡಾಕ್ಟರು. ಇಲ್ಲ ಎಂದ ಹಾಲೇಶ. ಮೂಲೆಯಲ್ಲಿ ತೂತು ಹೊಡೆದು ಬಿಳಿ ಟ್ಯಾಗ್ ದಾರ ಪೋಣಿಸಿತ್ತು, ಗಂಟು ಬಿಚ್ಚಲಾಗದೆ ತಾನೇ ಕತ್ತರಿಸಿದ್ದು ಈಗ ನೆನಪಿಗೆ ಬಂತು.

"ನಡೀರಿ ಪಾವಗಡಕ್ಕೆ," ಎಂದು ಪರ್ವತಯ್ಯ ಕೊಡೆ ತೆಗೆದುಕೊಂಡರು. ದಾರಿಯುದ್ದಕ್ಕೂ ಹಾಲೇಶ ಆ ಹೆಸರುಗಳನ್ನು ಬಾಯಲ್ಲಿ ಉರುಳಿಸಿದ. ಏನೂ ಹೊಳೆಯಲಿಲ್ಲ.

ಮೂರು ಗಂಟೆಗೆ ಎಲ್ಲರೂ ರೆಕಾರ್ಡ್ ರೂಮಿನಲ್ಲಿ ಸೇರಿದರು. ಕಿರಣ್ ಕುಮಾರ್ ಗೋಡೆಗೆ ಒರಗಿ ನಿಂತ, ಯಾರ ಮುಖವನ್ನೂ ನೋಡಲಿಲ್ಲ. ರೆಕಾರ್ಡ್ ನೋಡಿಕೊಳ್ಳುವ ಸಣ್ಣರಂಗಯ್ಯ ಬಂದವರಿಗೆಲ್ಲ ಸ್ಟೂಲು ಒರೆಸಿ ಕೊಟ್ಟ. ಅವನ ಬೆನ್ನ ಹಿಂದೆ ಕಪಾಟಿನ ಸಾಲು, ಒಂದೊಂದರ ಮೇಲೂ ಸುಣ್ಣದಲ್ಲಿ ಬರೆದ ಅಕ್ಷರ. ಹಾಲೇಶ ಅದನ್ನು ನೋಡಿದ, ತಲೆಯಲ್ಲಿ ಏನೋ ಮಿಸುಕಿತು.

"ಕೆಡಿಸೋ ಮನಸ್ಸಿರೋನು ಕಲಸಿ ಬಿಸಾಕ್ತಾನೆ ಕಣಮ್ಮ, ಜೋಡಿಸಲ್ಲ," ಎಂದು ಪರ್ವತಯ್ಯ ಶುರು ಮಾಡಿದರು. "ಈ ಪಟ್ಟಿ ಜೋಡಿಸಿರೋದು. ಇಂಗ್ಲಿಷಿನಲ್ಲಿ ಕಾರ್ಟರೂ ಚೌಧರಿಯೂ ಒಂದೇ ಅಕ್ಷರ, ಪಕ್ಕಪಕ್ಕ ಇರಬೇಕು. ಇಲ್ಲಿ ಅವರ ನಡುವೆ ಗುಪ್ತ ಕೂತವ್ನೆ. ಹ್ಯಾರಿಸ್ ಎಲ್ಲರಿಗಿಂತ ಕೊನೆಗೆ. ಯಾಕೆ? ಆ, ಈ, ಓ, ಕ, ಗ, ಚ, ಜ... ಶ, ಸ, ಹ. ಒಂದನೇ ಕ್ಲಾಸಿನ ಮಗೂನೂ ಹೇಳುತ್ತೆ."

ಕಂಪ್ಯೂಟರು ಜೋಡಿಸಿದ್ದರೆ ಎ, ಬಿ, ಸಿ ಬರುತ್ತಿತ್ತು, ಆದ್ದರಿಂದ ಹಾಲೇಶನ ಅಂಗಡಿಯಲ್ಲಿ ಆದದ್ದಲ್ಲ ಎಂದು ವಿವರಿಸಿದರು. ಬಸ್ಸಿನಲ್ಲಿ ಬರುವವನ ಹತ್ತಿರ ತೂತು ಹೊಡೆಯುವ ಯಂತ್ರವೂ ಟ್ಯಾಗೂ ಇರುವುದಿಲ್ಲ. ಕೈಗೆ ಬಂದ ಕಾಗದಕ್ಕೆ ತೂತು ಹೊಡೆದು, ದಾರ ಪೋಣಿಸಿ, ಅಕಾರಾದಿಯಾಗಿ ಇಡದೆ ನಿದ್ದೆ ಬಾರದವನು ಈ ಕಟ್ಟಡದಲ್ಲಿ ಒಬ್ಬನೇ.

ಎಲ್ಲರೂ ಸಣ್ಣರಂಗಯ್ಯನ ಕಡೆ ತಿರುಗಿದರು. ಅವನು ಕೈಯಲ್ಲಿದ್ದ ಬಟ್ಟೆ ಮಡಿಸಿದ.

"ನಾನೇ ಜೋಡ್ಸಿದ್ದು ಡಾಕ್ಟ್ರಮ್ಮ. ಯಾವುದೋ ಹೆಸರು ಎಲ್ಲೋ ಇತ್ತು, ನಿಮಗೆ ಹುಡುಕಕ್ಕೆ ಕಷ್ಟ ಆಯ್ತದೆ ಅಂದ್ಕಂಡೆ. ಭಾನುವಾರ ಬಂದು ಸರಿ ಮಾಡ್ಬುಟ್ಟೆ. ತಪ್ಪು ಅಂತ ಗೊತ್ತಿರ್ನಿಲ್ಲ. ನನ್ನ ಯಾರೂ ಕೇಳ್ನೂ ಇಲ್ಲ."

ಶಿವರಂಜನಿಯವರ ಮುಖ ಬಿಳುಚಿತು. ನಿಜ, ಎಲ್ಲರನ್ನೂ ಕೇಳಿದ್ದರು, ಇವನೊಬ್ಬನನ್ನು ಬಿಟ್ಟು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆಯಲು ಹೊರಟಿದ್ದರು. ಆದರೆ ಐದಕ್ಕೆ ಎರಡೇ ಗಂಟೆ ಉಳಿದಿತ್ತು. ನಲವತ್ತೆರಡನ್ನೂ ಮತ್ತೆ ಓದಿ ಹೊಂದಿಸಲು ಎರಡು ದಿನವಾದರೂ ಬೇಕು.

"ಸಣ್ಣರಂಗಯ್ಯ, ನಿನ್ನ ಆವಕ ರಿಜಿಸ್ಟರ್ ಕೊಡಪ್ಪ," ಎಂದರು ಪರ್ವತಯ್ಯ. "ಒಳಗೆ ಬಂದ ಕಾಗದಾನ ಬಂದಂಗೇ ಬರ್ಕೊಳ್ದೆ ನೀನು ಮುಟ್ಟೋನಲ್ಲ."

ಅವನು ಉದ್ದನೆಯ ಪುಸ್ತಕ ತಂದು ಬಿಡಿಸಿದ. ಆ ಶನಿವಾರದ ತಾರೀಖಿನ ಕೆಳಗೆ, ಡಬ್ಬದಲ್ಲಿ ಹೇಗಿದ್ದವೋ ಹಾಗೇ, ಒಂದರಿಂದ ನಲವತ್ತೆರಡರವರೆಗೆ ದುಂಡು ಕನ್ನಡದಲ್ಲಿ ಹೆಸರುಗಳು. ಒಂಬತ್ತನೆಯದು ಮಿಶ್ರ. ಕಾಲಿನ ಮೂಳೆಯ ಲೇಖನ ಅದೇ ಎಂದು ಡಾಕ್ಟರು ಪಿಸುಗುಟ್ಟಿದರು. ಹಾಲೇಶ ಅಲ್ಲೇ ಲ್ಯಾಪ್‌ಟಾಪ್ ಬಿಚ್ಚಿದ, ಕಿರಣ್ ಒಂದೊಂದೇ ಹೆಸರು ಓದಿ ಹೇಳಿದ. ನಾಲ್ಕೂವರೆಗೆ ಪಟ್ಟಿ ಸರಿಯಾಯಿತು.

ಸಂಪಾದಕರಿಗೆ ಶಿವರಂಜನಿ ತಾವೇ ಬರೆದರು: ಕಳಿಸುವ ಮೊದಲು ಸಂಖ್ಯೆ ತಾಳೆ ನೋಡಬೇಕಾದ್ದು ನಾನು, ತಪ್ಪು ನನ್ನದು. ಆಮೇಲೆ ಕಿರಣನ ಹತ್ತಿರ ಹೋಗಿ, ಎಲ್ಲರೆದುರು, "ನಿನ್ನ ಬಗ್ಗೆ ಕೆಟ್ಟದ್ದು ಯೋಚಿಸಿದೆ, ಕ್ಷಮಿಸಪ್ಪ" ಎಂದರು. ಅವನು ತಲೆಯಾಡಿಸಿದ, ಕಣ್ಣು ಒರೆಸಿಕೊಂಡ.

ಕೊನೆಗೆ ಡಾಕ್ಟರು ಲೇಖನದ ಕೃತಜ್ಞತೆಯ ಸಾಲನ್ನು ಪರದೆಯ ಮೇಲೆ ತರಿಸಿದರು. ಹಳ್ಳಿಗಳಲ್ಲಿ ಜೊತೆಗೆ ತಿರುಗಿದ ನರ್ಸುಗಳಾದ ಓಬಳಮ್ಮ, ಲಕ್ಷ್ಮೀದೇವಿ ಇಬ್ಬರ ಹೆಸರು ಅಲ್ಲಿತ್ತು.

"ನಾಲ್ಕು ವರ್ಷದ ಫೈಲು ಹುಡುಕಿ ಕೊಟ್ಟೋರು ನೀವು. ನಿಮ್ಮ ಹೆಸರೇ ಬಿಟ್ಟಿದ್ದೆ ಸಣ್ಣರಂಗಯ್ಯ. ಎಲ್ಲರಿಗಿಂತ ಮೊದಲು ಹಾಕ್ತೀನಿ."

ಸಣ್ಣರಂಗಯ್ಯ ಪರದೆಯ ಹತ್ತಿರ ಬಗ್ಗಿ ಆ ಎರಡು ಹೆಸರು ಓದಿದ. ಬೆರಳಲ್ಲಿ ಏನೋ ಎಣಿಸಿದ.

"ಬ್ಯಾಡಿ ಡಾಕ್ಟ್ರಮ್ಮ," ಎಂದ. "ಓ, ಲ, ಆಮೇಲೆ ಸ. ನಂದು ಕೊನೇಗೇ ಇರ್ಲಿ."