ಶೇಂಗಾನಿಗೆ ಕೊಟ್ಟ ಎಣ್ಣೆ

"ಶೇಂಗಾ, ಏಳೋ! ಸ್ಕೂಲಿಗೆ ಟೈಮ್ ಆಯ್ತು, ಟಾಟಾ ಮಾಡಲ್ಲೇನು?"

ತ್ರಿವೇಣಿ ಕೂಗಿದ್ದಕ್ಕೆ ಶೇಂಗಾ ಎದ್ದಿತು. ಮುಂಗಾಲು ಒಂದು ಕಡೆ ಹೋದವು, ಹಿಂಗಾಲು ಇನ್ನೊಂದು ಕಡೆ. ಗೋಡೆಗೆ ಒರಗಿ ತೂಗಾಡಿತು. ತ್ರಿವೇಣಿ ಕೈ ಚಾಚಿದರೆ, ಹೊಡೆಯಲು ಬಂದಳೇನೋ ಎಂಬಂತೆ ಬೆಚ್ಚಿತು. ನಿಂತಲ್ಲೇ ಉಚ್ಚೆ ಸೋರಿತು.

ಹುರಿದ ಶೇಂಗಾದ ಬಣ್ಣದ ಆ ನಾಯಿಗೆ ವಯಸ್ಸಾಗಿತ್ತು. ಚಳಿ ಬಿದ್ದರೆ ಹಿಂಗಾಲಿನ ಕೀಲು ನೋಯುತ್ತಿತ್ತು. ಆದರೆ ಹೀಗೆ ಯಾವತ್ತೂ ಆಗಿರಲಿಲ್ಲ.

ಬಾಗಿಲಲ್ಲಿ ಅಣ್ಣ ಕಪಿಲ ನಿಂತಿದ್ದ. ಅವನ ಮುಖ ನೋಡಿದ್ದೇ ತ್ರಿವೇಣಿಗೆ ಗೊತ್ತಾಗಿಹೋಯಿತು.

"ಏನ್ ಕೊಟ್ಟಿ ಇದಕ್ಕ?"

ಕಪಿಲ ಜೇಬಿನಿಂದ ಸಣ್ಣ ಬಾಟಲಿ ತೆಗೆದ. ಮೇಲೆ ಎಲೆಯ ಚಿತ್ರವಿತ್ತು. "ಗಾಂಜಾ ಗಿಡದ ಎಣ್ಣಿ. ನನ್ನ ದೋಸ್ತನ ಅಜ್ಜ ಮೊಣಕಾಲ್ ನೋವಿಗೆ ತಗೋತಾರ. ನಾಯಿಗೂ ಕಾಲ್ ನೋವು ಹೋಗ್ತದಂತ ವಿಡಿಯೋದಾಗ ತೋರ್ಸಿದ್ರು."

"ಗಾಂಜಾ! ಎಷ್ಟು ಹಾಕ್ದಿ?"

"ಡ್ರಾಪರ್ ತುಂಬ." ಅವನ ದನಿ ಇಳಿಯಿತು. "ಡಾಕ್ಟರಿಗೆ ಹೇಳಬ್ಯಾಡ. ಪೊಲೀಸರು ಬರ್ತಾರ. ಹೊಟ್ಟಿ ಕೆಟ್ಟದ ಅಂತ ಹೇಳಮು."

"ಹೊಟ್ಟಿ ಕೆಟ್ಟದ ಅಂದ್ರ ಹೊಟ್ಟಿ ಔಷಧ ಕೊಡ್ತಾರ. ಅದರಿಂದ ಇದು ಹ್ಯಾಂಗ್ ಆರಾಮಾಗ್ತದ? ಕೊಡಿಲ್ಲಿ ಬಾಟಲಿ."

ಅಪ್ಪ ಅಂಬಣ್ಣ ಟೆಂಪೋ ತೆಗೆದ. ಶೇಂಗಾನನ್ನು ಎತ್ತಿಕೊಂಡು ಅಣ್ಣ ತಂಗಿ ಇಬ್ಬರೂ ಹಿಂದೆ ಹತ್ತಿದರು. ಕಮಲಾಪುರ ದಾಟಿ, ಮಹಾಗಾಂವ ಕ್ರಾಸಿನ ಹಂಪ್ ಮೇಲೆ ಟೆಂಪೋ ಹಾರಿದಾಗಲೂ ಶೇಂಗಾ ಕುಂಯ್ ಅನ್ನಲಿಲ್ಲ. ಆಗ ತ್ರಿವೇಣಿಗೆ ನಿಜಕ್ಕೂ ಭಯವಾಯಿತು.

ಕಲಬುರಗಿಯ ಶಹಾಬಜಾರದ ಕ್ಲಿನಿಕ್ಕಿನಲ್ಲಿ ಡಾಕ್ಟರ್ ಫರ್ಹೀನ್ ಶೇಂಗಾನ ಕಣ್ಣಿಗೆ ಟಾರ್ಚ್ ಬಿಟ್ಟು ನೋಡಿದರು.

"ಏನರೆ ತಿಂದದೇನು?"

"ಗೊತ್ತಿಲ್ರಿ ಮೇಡಂ," ಎಂದ ಅಪ್ಪ.

ತ್ರಿವೇಣಿ ಬಾಟಲಿಯನ್ನು ಮೇಜಿನ ಮೇಲಿಟ್ಟಳು. "ಗಾಂಜಾ ಗಿಡದ ಎಣ್ಣಿರಿ. ಮುಂಜಾನೆ ಡ್ರಾಪರ್ ತುಂಬ ಹೊಟ್ಯಾಗ ಹೋಗ್ಯದ."

ಕಪಿಲ ನೆಲ ನೋಡಿದ. ಅಪ್ಪ ಕಪಿಲನನ್ನು ನೋಡಿದ.

ಡಾಕ್ಟರ್ ಬೈಯಲಿಲ್ಲ. "ಇದನ್ನ ತಂದಿದ್ದು ಭಾಳ ಛಲೋ ಆಯ್ತು ಬೇಟಾ. ಇಲ್ಲಂದ್ರ ನಾ ಏನಂತ ಹುಡುಕ್ತಿದ್ದೆ?"

ಶೇಂಗಾನಿಗೆ ಸಲೈನ್ ಹಚ್ಚಿ, ಬೆಚ್ಚಗೆ ಹೊದಿಸಿ, ಲೈಟ್ ಆರಿಸಿದ ಕೋಣೆಯಲ್ಲಿ ಮಲಗಿಸಿದರು. "ನಶಾ ಏರ್ಯದ. ಇಳೀತದ. ಸಂಜಿತನಕ ಇಲ್ಲೇ ಇರಲಿ, ನಾ ನೋಡ್ಕೋತೀನಿ."

"ಆ ಗಿಡಾನೇ ವಿಷ ಅಲ್ಲೇನ್ರಿ?" ಅಣ್ಣನ ಕಡೆ ನೋಡುತ್ತ ತ್ರಿವೇಣಿ ಗಟ್ಟಿಯಾಗಿ ಕೇಳಿದಳು.

"ಹಂಗೇನಿಲ್ಲ." ಡಾಕ್ಟರ್ ಬಾಟಲಿ ತಿರುಗಿಸಿ ಓದಿದರು. "ಅದರಾಗ ಬ್ಯಾರೆ ಬ್ಯಾರೆ ಅಂಶ ಇರ್ತಾವ. ಒಂದು ನಶಾ ಏರಿಸ್ತದ. ನಾಯಿಗೆ ಅದು ಸ್ವಲ್ಪ ಆದ್ರೂ ಜಾಸ್ತೀನೇ. ಇನ್ನೊಂದು ನಶಾ ಏರಿಸೂದಿಲ್ಲ. ಅದರಿಂದ ಕೆಲವು ನಾಯಿಗೋಳ ಕೀಲುನೋವು ಕಡಿಮಿ ಆಗ್ಯದ. ಎಲ್ಲಾ ನಾಯಿಗೋಳದ್ದೂ ಅಲ್ಲ. ಈ ಬಾಟಲಿ ಮನುಷ್ಯಾರದು. ಇದರಾಗ ಎರಡೂ ಅವ."

"ಅಂದ್ರ ವಿಡಿಯೋದಾಗ ಹೇಳಿದ್ದು..." ಕಪಿಲ ತಲೆ ಎತ್ತಿದ.

"ಅರ್ಧ ಖರೇ. ಉಳಿದರ್ಧ ಯಾರು ಹೇಳಬೇಕು? ನಾಯಿ ತೂಕ ನೋಡಬೇಕು. ಲಿವರ್ ಹ್ಯಾಂಗದ ಅಂತ ರಕ್ತ ಟೆಸ್ಟ್ ಮಾಡಬೇಕು. ಮೊದಲು ಇದು ಆರಾಮಾಗ್ಲಿ. ಆಮ್ಯಾಲ ಇದರ ಕಾಲಿಗೆ ಯಾವ ಔಷಧ ಸರಿ ಅಂತ ಕೂತು ನೋಡಮು."

ತ್ರಿವೇಣಿಗೆ ಯಾಕೋ ಸಿಟ್ಟು ಬಂತು. ಅಣ್ಣನದು ಪೂರ್ತಿ ತಪ್ಪಾಗಿದ್ದರೇ ಚೆನ್ನಾಗಿತ್ತು.

ಸಂಜೆ ಶೇಂಗಾ ತಲೆ ಎತ್ತಿತು. ನೀರು ಕುಡಿಯಿತು. ಒದ್ದೆ ಮೂತಿಯಲ್ಲೇ ತ್ರಿವೇಣಿಯ ಗಲ್ಲ ನೆಕ್ಕಿತು.

ವಾಪಸ್ ಬರುವಾಗ ಟೆಂಪೋದ ಹಿಂದೆ ಅದರ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಅವಳು ಕುಳಿತಳು. ಕಪಿಲ ಮೂಲೆಯಲ್ಲಿ ಮುದುಡಿಕೊಂಡಿದ್ದ. ರಸ್ತೆಯ ಗುಂಡಿಗೆ ಟೆಂಪೋ ಕುಲುಕಿದಾಗ ಶೇಂಗಾ ನರಳಿತು. ತಕ್ಷಣ ಕಪಿಲನ ಕೈ ಮುಂದೆ ಬಂತು. ಬಲಗಡೆಯ ಹಿಂಗಾಲಿನ ಮೇಲೆ, ಬಾಲಕ್ಕಿಂತ ತುಸು ಕೆಳಗೆ, ಮೆತ್ತಗೆ ಒತ್ತಿತು. ಶೇಂಗಾ ಸುಮ್ಮನಾಯಿತು.

ನೋವಿರುವುದು ಸರಿಯಾಗಿ ಅಲ್ಲೇ. ಅದು ತನಗೊಬ್ಬಳಿಗೇ ಗೊತ್ತು ಎಂದು ತ್ರಿವೇಣಿ ಅಂದುಕೊಂಡಿದ್ದಳು.

ಅವಳು ಸ್ವಲ್ಪ ಸರಿದು ಜಾಗ ಮಾಡಿದಳು.

"ಅಲ್ಲಿಂದ ಎಷ್ಟೊತ್ತು ಕೈ ಚಾಚ್ತಿ? ಈ ಕಡಿ ಬಾ, ಅಣ್ಣಾ."