ಮೊಲಕ್ಕೆ ಜಾಗ ಬೇಕು

"ಕೈ ತೆಗಿ!" ಎಂದೆ.

ಗೂಳಿ ತೆಗೆಯಲಿಲ್ಲ.

ಅವನ ಹೆಬ್ಬೆರಳು ಗೋಡೆಯ ಸ್ವಿಚ್ಚಿನ ಮೇಲಿತ್ತು. ಸ್ವಿಚ್ಚಿನ ವೈರು ಕಂಪ್ಯೂಟರಿಗೆ ಹೋಗಿತ್ತು. ಕಂಪ್ಯೂಟರಿನ ಮೇಲೆ ನೀಲಿ ಗೆರೆಯೊಂದು ಬಸವನಹುಳುವಿನಂತೆ ತೆವಳುತ್ತಿತ್ತು.

ಎಕ್ಸ್‌ಪೋರ್ಟ್... ಎಪ್ಪತ್ತೊಂದು ಪರ್ಸೆಂಟ್!

"ಸಾಹೇಬ್ರು ಹೇಳಿದಾರೆ. ನಾಟಕ ತೆಗೀಬೇಕು. ಇಲ್ಲಾಂದ್ರೆ ನಾನು ಕರೆಂಟ್ ತೆಗೀಬೇಕು. ಯಾವ್ದು ಬೇಕು ಅಕ್ಕಾ?"

ನಾಲಿಗೆಯಲ್ಲಿ ಮರ್ಯಾದೆಯಿತ್ತು. ಹೆಬ್ಬೆರಳಿನಲ್ಲಿರಲಿಲ್ಲ.

ಕರೆಂಟ್ ಹೋದರೆ ಎಕ್ಸ್‌ಪೋರ್ಟ್ ಮೊದಲಿನಿಂದ; ಶಾಲೆಯ ವಿಡಿಯೋ ಪೂರ್ತಿ ಮತ್ತೆ ಸಿದ್ಧವಾಗಬೇಕು. ಐದು ಗಂಟೆಗೆ ಡಿಸ್ಕು ನಕಲು ಮಾಡುವ ಕಾಪಿ ಅಂಗಡಿಗೆ ನಮ್ಮ ಡಿಸ್ಕು ತಲುಪದಿದ್ದರೆ ಸಾಹೇಬರ ಜೇಬಿನಲ್ಲಿದ್ದ ಡಿಸ್ಕೇ ಎಲ್ಲ ಮನೆಗಳಿಗೂ ಹೋಗುತ್ತದೆ. ಅದರಲ್ಲಿ ನಾಟಕವಿಲ್ಲ. ಭಾಷಣ ಮಾತ್ರ ಪೂರ್ತಿ ಇದೆ!

ನಾನು ಯಾರು ಎನ್ನುತ್ತೀರಾ? ಆಗದ ಕೆಲಸ ಆಗಿಸುವವಳು. ಬೋರ್ಡಿಲ್ಲ, ಆಫೀಸಿಲ್ಲ. ಬಾಯಿ ಇದೆ.

ಈ ಕೇಸು ತಂದವಳು ಶಾಲೆಯ ಆಯಾ. ವಾರ್ಷಿಕೋತ್ಸವದ ನಾಟಕದಲ್ಲಿ ಅವಳ ಮಗಳು ಮರವಾಗಿದ್ದಳು. ಆ ಹೊತ್ತಿನಲ್ಲಿ ತಾಯಿ ಗೇಟಿನಲ್ಲಿ ನಿಂತು, ತಡವಾಗಿ ಬಂದ ದೊಡ್ಡವರಿಗೆ ಬಾಗಿಲು ತೆಗೆಯುತ್ತಿದ್ದಳು.

"ಅವಳಿಗೆ ಮಾತಿಲ್ಲ ಅಕ್ಕಾ. ಸುಮ್ನೆ ನಿಲ್ಲೋದಷ್ಟೆ. ಆದ್ರೂ ಒಂದ್ಸಲ ನೋಡ್ಬೇಕು. ವಿಡಿಯೋದಿಂದ ಆ ನಾಟಕಾನೇ ಕತ್ತರಿಸ್ತಾರಂತೆ, ಡಿಸ್ಕಲ್ಲಿ ಹಿಡಿಯಲ್ವಂತೆ!"

ಹೋಗುವಾಗ ನನ್ನ ಬಾಗಿಲ ಬಳಿ ಚೆಲ್ಲಾಪಿಲ್ಲಿಯಾಗಿದ್ದ ಚಪ್ಪಲಿಗಳನ್ನು ಜೋಡಿಸಿಟ್ಟು ಹೋದಳು.

ನನ್ನ ಫೀಸು ಸಂದಿತ್ತು.

ನೇರ ಎಡಿಟಿಂಗ್ ಸ್ಟುಡಿಯೋಗೆ ಹೋದೆ. ನಾಲ್ಕನೇ ಮಹಡಿ, ಲಿಫ್ಟಿಲ್ಲ. ಒಂದು ಕೋಣೆ, ಎರಡು ಕಂಪ್ಯೂಟರ್ ಪರದೆ, ಅವುಗಳ ಮುಂದೆ ದಪ್ಪ ಕನ್ನಡಕದ ಹುಡುಗಿ. ಬೀದಿಯವರೆಲ್ಲ ಅವಳನ್ನು ಕನ್ನಡಕ ಎಂದೇ ಕರೆಯುತ್ತಾರೆ.

"ನಾಟಕ ಯಾಕೆ ಹಿಡಿಯಲ್ಲ?"

"ಡಿಸ್ಕಲ್ಲಿರೋದೇ ಇಷ್ಟು ಜಾಗ ಅಕ್ಕಾ. ಸಾಹೇಬ್ರ ಭಾಷಣಾನೇ ಒಂದೂವರೆ ಗಂಟೆ."

"ಎರಡು ಡಿಸ್ಕ್ ಮಾಡು."

"ಕೇಳ್ದೆ. ಭಾಷಣ ಇರೋ ಡಿಸ್ಕನ್ನ ಯಾರೂ ಹಾಕೋದೇ ಇಲ್ಲ ಅಂದ್ರು."

ಸಾಹೇಬರು ಎಂದರೆ ಶಾಲೆಯ ಕಾರ್ಯದರ್ಶಿ. ತಮ್ಮನ್ನು ತಾವು ಚೆನ್ನಾಗಿ ಬಲ್ಲವರು!

"ಎಲ್ಲಾನೂ ಇನ್ನಷ್ಟು ಒತ್ತಿ ಹಿಡಿಸು."

ಕನ್ನಡಕ ವಿಡಿಯೋವನ್ನು ಒತ್ತಿ ತೋರಿಸಿದಳು. ಸಾಹೇಬರ ಮುಖ ಚೌಕ ಚೌಕವಾಯಿತು. ಮೂಗು ಇಟ್ಟಿಗೆ. ಕೆನ್ನೆ ಇಟ್ಟಿಗೆ. ಬಾಯಿ ತೆರೆದರೆ ಗೋಡೆ ಬಿರುಕು ಬಿಟ್ಟಂತೆ!

"ಇದನ್ನ ನೋಡೇ ಅವ್ರು ಕೂಗಾಡಿದ್ದು. ನಾಟಕ ತೆಗಿ, ನನ್ನ ಮುಖ ಉಳಿಸು ಅಂತ."

"ನಿಂತು ಮಾತಾಡೋ ಮನುಷ್ಯನಿಗೆ ಇಷ್ಟೊಂದು ಜಾಗ ಯಾಕೆ?"

"ಅವ್ರಿಗಲ್ಲ ಅಕ್ಕಾ, ಸ್ಟೇಜಿನ ಹಿಂದಿನ ಪರದೆಗೆ. ಮಿಂಚು ಬೇಕು ಅಂದ್ರು, ಜರಿ ಕಾಗದ ಅಂಟಿಸಿದ್ರು. ಮಿಂಚು ಅಲುಗಾಡ್ಬೇಕು ಅಂದ್ರು, ಫ್ಯಾನ್ ಇಟ್ರು. ಅಲುಗಾಡೋದೆಲ್ಲ ಜಾಗ ತಿನ್ನುತ್ತೆ. ಅಲುಗಾಡದೆ ಇರೋದು ಏನೂ ತಿನ್ನಲ್ಲ."

ನನ್ನ ತಲೆಯಲ್ಲಿ ಏನೋ ಕ್ಲಿಕ್ ಎಂದಿತು.

"ಹಾಗಾದ್ರೆ... ಸಾಹೇಬ್ರನ್ನ ಅಲುಗಾಡದ ಹಾಗೆ ಮಾಡು!"

"ಅಯ್ಯೋ! ಕೊಲೆನಾ?"

"ಫೋಟೋ ಕಣೇ! ದನಿ ಪೂರ್ತಿ ಇರ್ಲಿ, ಒಂದಕ್ಷರ ಕತ್ತರಿಸ್ಬೇಡ. ಮೇಲೆ ಮಾತ್ರ ಒಂದೇ ಒಂದು ನಿಂತ ಚಿತ್ರ."

ಕನ್ನಡಕ ನನ್ನನ್ನೇ ನೋಡಿದಳು. ಆಮೇಲೆ ಅವಳ ಬೆರಳುಗಳು ಓಡತೊಡಗಿದವು. ಸಾಹೇಬರು ನೋಡಲು ಲಕ್ಷಣವಾಗಿರುವ ಫ್ರೇಮ್ ಹುಡುಕಲಿಕ್ಕೇ ಬಹಳ ಹೊತ್ತು ಹಿಡಿಯಿತು. ಪಾಪ, ಹುಡುಗಿಯ ಮನಸ್ಸು ಒಳ್ಳೆಯದು. ನಾನಾಗಿದ್ದರೆ ಆಕಳಿಸುತ್ತಿರುವುದನ್ನೇ ಹಾಕುತ್ತಿದ್ದೆ!

ಎಕ್ಸ್‌ಪೋರ್ಟ್ ಒತ್ತಿದೆವು.

ಆಗಲೇ ಮೆಟ್ಟಿಲ ಮೇಲೆ ಬೂಟಿನ ಸದ್ದು! ಚಿಲಕ ಹಾಕಿದೆ. ಚಿಲಕ ಕಿತ್ತು ಬಂತು.

ಗೂಳಿ!

ಸಾಹೇಬರ ಡ್ರೈವರು. ನಾನಿಲ್ಲಿರುವ ಸುದ್ದಿ ಅವರ ಕಿವಿಗೆ ಬಿದ್ದಿರಬೇಕು. ಬಾಗಿಲಿನಷ್ಟೇ ಅಗಲ. ನಾಲ್ಕು ಮಹಡಿ ಹತ್ತಿ ಏದುಸಿರು ಬಿಡುತ್ತಿದ್ದ. ಕನ್ನಡಕ ಸ್ಟೂಲು ಸರಿಸಿ ಲೋಟ ಮುಂದೆ ಹಿಡಿದಳು.

"ಮೊದ್ಲು ನೀರು ಕುಡೀರಿ ಅಣ್ಣಾ. ಆಮೇಲೆ ಹೆದರಿಸಿ."

ಅವನು ಕುಡಿದ. ಲೋಟವನ್ನು ಮೆಲ್ಲಗೆ ಕೆಳಗಿಟ್ಟ. ಆಮೇಲೆ ಹೆಬ್ಬೆರಳನ್ನು ಸ್ವಿಚ್ಚಿನ ಮೇಲಿಟ್ಟ.

ಈಗ ಎಂಬತ್ತು ಪರ್ಸೆಂಟ್...

ಅವನ ಇನ್ನೊಂದು ಕೈಯಲ್ಲಿದ್ದ ಫೋನ್ ಬೆಳಗಿತು. ಸಾಹೇಬರ ಕರೆಯಲ್ಲ, ಏನೋ ಮೆಸೇಜು. ಪರದೆಯ ಮೇಲೆ ಹಲ್ಲು ಬಿದ್ದ ಹುಡುಗನೊಬ್ಬ ನಗುತ್ತಿದ್ದ. ತಲೆಯ ಮೇಲೆ ರಟ್ಟಿನ ಎರಡು ಉದ್ದ ಕಿವಿ!

"ಮಗನಾ?"

"ಹೂಂ. ಯಾಕೆ?"

"ಮೊಲ ಮಾಡಿದ್ನಾ?"

"ಹೂಂ."

"ನೋಡಿದ್ಯಾ?"

ಗೂಳಿ ಗೋಡೆಯ ಕಡೆ ನೋಡಿದ.

"ಹೊರಗೆ ಕಾರ್ ಕಾಯ್ತಾ ಇದ್ದೆ."

"ನೀನು ತೆಗೆಸ್ತಿರೋ ನಾಟಕದಲ್ಲೇ ಕಣಯ್ಯಾ ಆ ಮೊಲ ಇರೋದು!"

"ಸುಳ್ಳು! ಅವನದು ಡ್ಯಾನ್ಸು ಅಂದ್ಕೊಂಡಿದ್ದೆ..."

ಕನ್ನಡಕ ಕುರ್ಚಿ ತಿರುಗಿಸಿದಳು. ಪಕ್ಕದ ಕಂಪ್ಯೂಟರಿನಲ್ಲಿ ಆ ಭಾಗ ಹಾಕಿದಳು.

ರಟ್ಟಿನ ಕಾಡು. ಮೊಲಗಳು ಕುಪ್ಪಳಿಸುತ್ತ ಬಂದವು. ಕೊನೆಯ ಮೊಲದ ಒಂದು ಕಿವಿ ಕಳಚಿ ಬಿತ್ತು. ಮೊಲ ನಿಂತುಬಿಟ್ಟಿತು. ತುಟಿ ನಡುಗಿತು. ಸಭೆಯಲ್ಲಿ ಯಾರೋ ನಕ್ಕರು. ಇನ್ನೇನು ಅಳು ಬರಬೇಕು...

ಆಗ ಹಿಂದಿನ ಮರ ಅಲುಗಾಡಿತು!

ಮರ ಬಗ್ಗಿತು. ಕಿವಿಯನ್ನು ಎತ್ತಿಕೊಂಡಿತು. ಮೊಲದ ತಲೆಯ ಮೇಲಿಟ್ಟು, ಒಂದು ಕೊಂಬೆಯಿಂದ ಹಿಡಿದುಕೊಂಡು ನಿಂತಿತು. ನಾಟಕ ಮುಗಿಯುವವರೆಗೂ ಕೈ ಇಳಿಸಲಿಲ್ಲ. ಮೊಲ ಹೋದಲ್ಲೆಲ್ಲ ಮರವೂ ಹೋಯಿತು.

ಗೂಳಿಯ ಹೆಬ್ಬೆರಳು ಸ್ವಿಚ್ಚಿನಿಂದ ಇಳಿಯಿತು. ಅವನ ಮೂಗು ಒರೆಸಿತು.

"ಆ ಮರ ಯಾರ ಮಗು?"

"ಗೇಟಿನ ಆಯಾದು."

"ದಿನಾ ನನಗೆ ಗೇಟ್ ತೆಗೀತಾಳೆ. ಒಂದಿನಾನೂ ಮಾತಾಡ್ಸಿಲ್ಲ ನಾನು..."

ಅವನು ಸ್ಟೂಲನ್ನು ಎಳೆದು ಸ್ವಿಚ್ಚಿಗೆ ಬೆನ್ನು ಕೊಟ್ಟು ಕುಳಿತ. ಇನ್ನು ಯಮ ಬಂದರೂ ಆ ಸ್ವಿಚ್ಚು ಮುಟ್ಟುವಂತಿರಲಿಲ್ಲ.

ಎಕ್ಸ್‌ಪೋರ್ಟ್ ಮುಗಿಯಿತು. ಡಿಸ್ಕು ಬಿಸಿಬಿಸಿಯಾಗಿ ಹೊರಗೆ ಬಂತು. ಗಂಟೆ ನಾಲ್ಕೂಮುಕ್ಕಾಲು!

"ಆಟೋ ಹಿಡೀತೀನಿ!" ಎಂದೆ.

"ಸಾಹೇಬ್ರ ಕಾರಿದೆ. ಹತ್ತಿ!"

ನೋಡಬೇಕಿತ್ತು ನೀವು! ಗಲ್ಲಿಯಲ್ಲಿ ನುಗ್ಗಿದ. ಲಾರಿ ತಪ್ಪಿಸಿದ. ಕೈಗಾಡಿಯವನೊಬ್ಬ ಅಡ್ಡ ಬಂದಾಗ ಮಾತ್ರ ನಿಲ್ಲಿಸಿ, ಅವನು ದಾಟುವವರೆಗೂ ಕಾದ. ಫೋನ್ ಬಡಿದುಕೊಳ್ಳುತ್ತಲೇ ಇತ್ತು.

"ಎಲ್ಲಿ ಸತ್ತೆಯೋ? ಆ ಬಾಯಿಬಡುಕಿ ಸಿಕ್ಕಿದ್ಲಾ?"

"ಸಿಕ್ಕಿದ್ರು ಸಾರ್. ಕಾರಲ್ಲೇ ಇದಾರೆ!"

ಒಂದಕ್ಷರ ಸುಳ್ಳಿಲ್ಲ.

ಕಾಪಿ ಅಂಗಡಿಯ ಮುಂದೆ ಸಾಹೇಬರು ತಮ್ಮ ಡಿಸ್ಕು ಹಿಡಿದು ನಿಂತಿದ್ದರು. ನಾನು ಪಕ್ಕದಿಂದ ನುಗ್ಗಿ ನಮ್ಮದನ್ನು ಅಂಗಡಿಯ ಪ್ಲೇಯರಿಗೆ ತುರುಕಿದೆ.

ಸಾಹೇಬರ ದನಿ ಮೊಳಗಿತು. ಚಿತ್ರ ನಿಂತೇ ಇತ್ತು. ನಿಂತೇ ಇತ್ತು...

"ಏನ್ರೀ ಇದು! ಇದು ಫೋಟೋ!"

"ಹೌದು ಸಾರ್. ಅಲುಗಾಡೋದು ಮಕ್ಕಳು. ಗೋಡೆ ಮೇಲೆ ದೊಡ್ಡವರದೆಲ್ಲ ಫೋಟೋ ತಾನೇ ಇರೋದು?"

ಸಾಹೇಬರು ಡಿಸ್ಕು ಕೀಳಲು ಕೈ ಚಾಚಿದರು. ತಡೆದರು. ಹತ್ತಿರ ಹೋಗಿ ನೋಡಿದರು. ಮುಖದಲ್ಲಿ ಒಂದೂ ಇಟ್ಟಿಗೆಯಿಲ್ಲ. ಕೈ ತಾನಾಗಿಯೇ ಕೂದಲು ಸವರಿತು.

"ಒಂದು ಗಾಂಭೀರ್ಯ ಇದೆ... ಅಲ್ವಾ?"

"ತುಂಬಾ ಸಾರ್!" ಎಂದ ಗೂಳಿ.

ಕಾಪಿಗಳು ಹೊರಟವು. ಆಯಾ ನಾಟಕವನ್ನು ಎಷ್ಟು ಸಲ ನೋಡಿದಳೋ, ಪ್ಲೇಯರಿನ ಬಟನ್ ಸವೆದಿದೆಯಂತೆ. ಈಗ ಬೆಳಿಗ್ಗೆ ಕಾರು ಬಂದರೆ ಗೂಳಿಯೇ ಇಳಿದು ಗೇಟು ತೆಗೆಯುತ್ತಾನೆ.

ಭಾಷಣದಲ್ಲಿ ಚಿತ್ರ ಅಲುಗಾಡುವುದಿಲ್ಲವೆಂದು ಇವತ್ತಿನವರೆಗೆ ಒಂದು ಮನೆಯಿಂದಲೂ ದೂರು ಬಂದಿಲ್ಲ.

ಮೊನ್ನೆ ಸಾಹೇಬರೇ ಸಿಕ್ಕಿದರು. ಹೆಗಲ ಮೇಲೆ ಕೈ ಹಾಕುವಷ್ಟು ಹತ್ತಿರ ಬಂದರು.

"ನೋಡಿ, ಮುಂದಿನ ವರ್ಷ ಎರಡೂವರೆ ಗಂಟೆ ಮಾತಾಡೋಣ ಅಂತಿದೀನಿ. ಡಿಸ್ಕಲ್ಲಿ ಹಿಡಿಸುತ್ತಾ?"

"ಧಾರಾಳವಾಗಿ ಮಾತಾಡಿ ಸಾರ್," ಎಂದೆ. "ಒಂದು ಫೋಟೋದಷ್ಟು ಜಾಗ ನಿಮಗೆ ಯಾವಾಗ್ಲೂ ಇರುತ್ತೆ!"