ರಿಜಿಸ್ಟರಿಗೆ ಏರದ ಮಂಗಳವಾರ

“ಆ ಚಪ್ಪಲಿ ಇಲ್ಲಿ ಕೊಡಿ,” ಎಂದು ಆಕೆ ಕೈ ಚಾಚಿದಾಗ ಟೈಲರ್ ಕಕ್ಕಾಬಿಕ್ಕಿಯಾದ. ಬಟ್ಟೆ ಹೊಲಿದೇ ಬದುಕಿದ್ದ ಆತ ಹಿರಿಯರ ಆ ನಿವಾಸಕ್ಕೆ ಬಂದು ಇನ್ನೂ ಒಂದು ದಿನ ಆಗಿರಲಿಲ್ಲ.

“ಯಾಕೆ, ನಿಮ್ಮ ಅಳತೆಗೆ ಆಗುತ್ತಾ?”

“ಅಡಿ ಸವೆದು ನುಣ್ಣಗಾಗಿದೆ. ಇದನ್ನ ಹಾಕ್ಕೊಂಡು ಬಾತ್‌ರೂಮಿಗೆ ಹೋದ್ರೆ ವಾಪಸ್ ಬರೋದು ಸ್ಟ್ರೆಚರ್ ಮೇಲೆ. ನನ್ನನ್ನ ಇಲ್ಲಿ ಎಲ್ಲರೂ ಸಿಸ್ಟರ್ ಅಂತಾರೆ. ಏನಾದ್ರೂ ಬೇಕಿದ್ರೆ ಕೂಗಿ.”

“ಎಲ್ಲರೂ ಅನ್ನಲಿ. ನಾನು ಮಾತ್ರ ಹಾಗನ್ನಲ್ಲ, ಮೇಡಂ,” ಎಂದು ಆತ ಕಣ್ಣಲ್ಲೇ ನಕ್ಕ. ಆಕೆ ಚಪ್ಪಲಿ ಎತ್ತಿಕೊಂಡು ಬಿರಬಿರನೆ ನಡೆದಳು. ತನ್ನ ಕಿವಿ ಕೆಂಪಾದದ್ದು ಆತನಿಗೆ ಕಾಣಬಾರದಿತ್ತು.

ಆಕೆ ಮೂವತ್ತೆಂಟು ವರ್ಷ ಹೆಡ್ ನರ್ಸ್ ಆಗಿ ದುಡಿದವಳು. ಮದುವೆಯಾಗಲು ಪುರುಸೊತ್ತೇ ಸಿಗಲಿಲ್ಲ ಎಂದು ತಾನೇ ತಮಾಷೆ ಮಾಡುತ್ತಿದ್ದಳು. ನಿವೃತ್ತಿಯಾಗಿ ಇಲ್ಲಿ ವಾಸಕ್ಕೆ ಬಂದ ಮೇಲೂ ಸುಮ್ಮನೆ ಕೂರುವ ಜಾಯಮಾನ ಅವಳದಲ್ಲ. ಯಾರ ಸ್ನಾನದ ಮನೆಯಲ್ಲಿ ಹಿಡಿಕೆ ಸಡಿಲವಾಗಿದೆ, ಯಾರ ಮಂಚದ ಪಕ್ಕ ವೈರು ಬಿದ್ದಿದೆ ಎಂದು ಕೋಣೆ ಕೋಣೆ ಸುತ್ತುತ್ತಿದ್ದಳು. ಯಾರೇ ಬಿದ್ದರೂ ರಿಜಿಸ್ಟರಿನಲ್ಲಿ ಬರೆಯುವುದು ಆಕೆಯ ಪಾಲಿನ ಕೆಲಸ. ಗುರುವಾರ ಡಾಕ್ಟರ್ ಬಂದು ಅದನ್ನು ಓದಿ ಮಾತ್ರೆ ಬದಲಿಸುತ್ತಿದ್ದರು, ಇಲ್ಲವೇ ಊರುಗೋಲು ಕೊಡಿಸುತ್ತಿದ್ದರು. ಮೂರು ತಿಂಗಳಲ್ಲಿ ಎರಡು ಸಲ ಬಿದ್ದವರು ಮಾತ್ರ ಹಿಂದಿನ ಕಟ್ಟಡದ ಆರೈಕೆ ವಾರ್ಡಿಗೆ ಹೋಗಬೇಕಿತ್ತು. ಅಲ್ಲಿ ಮಂಚಕ್ಕೆ ಕಂಬಿ, ಕತ್ತರಿ ಸೂಜಿಗೆ ನಿಷೇಧ, ಭೇಟಿಗೆ ವಾರಕ್ಕೆ ಒಂದೇ ಗಂಟೆ.

ಬಂದ ತಿಂಗಳಲ್ಲೇ ಟೈಲರ್ ಒಮ್ಮೆ ಜಾರಿ ಬಿದ್ದ. ಆಕೆ ಮುಲಾಜಿಲ್ಲದೆ ಬರೆದಳು.

“ನನ್ನ ಮೇಲೆ ಒಂಚೂರು ಪ್ರೀತಿ ಇದ್ದಿದ್ರೆ ಬರೀತಿರಲಿಲ್ಲ,” ಎಂದು ಆತ ಕೆಣಕಿದ. ಪ್ರೀತಿ ಇರೋದಕ್ಕೇ ಬರೆದೆ ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು, ಆಕೆ ನುಂಗಿಕೊಂಡಳು.

ನೆಲ ಗುಡಿಸುವಷ್ಟು ಉದ್ದದ ಗೌನು, ಪ್ಯಾಂಟು ಕಾಲಿಗೆ ತೊಡರಿಯೇ ಅರ್ಧ ಜನ ಬೀಳುವುದು ಎಂದು ಆಕೆ ಗೊಣಗಿದ್ದೇ ತಡ, ಆತ ತನ್ನ ಹೊಲಿಗೆ ಮೆಷಿನ್ ತರಿಸಿ ಎಲ್ಲರ ಬಟ್ಟೆಯ ಅಂಚು ಮಡಚಿ ಹೊಲಿದುಕೊಟ್ಟ. ಆಕೆಯದನ್ನು ಮಾತ್ರ ಕೊನೆಗೆ ಉಳಿಸಿಕೊಂಡಿದ್ದ.

ಆತ ಮೊದಲ ಸಲ ಬಿದ್ದು ಆರು ವಾರ ಕಳೆದಿತ್ತು. ಒಂದು ಮಂಗಳವಾರ ಬೆಳಗ್ಗೆ ಆಕೆಯನ್ನು ಕಿಟಕಿಯ ಬೆಳಕಿಗೆ ನಿಲ್ಲಿಸಿ, ಮಂಡಿಯೂರಿ ಗೌನಿನ ಅಂಚಿಗೆ ಗುಂಡುಸೂಜಿ ಚುಚ್ಚತೊಡಗಿದ. ಬೆರಳು ಹಿಮ್ಮಡಿಗೆ ತಾಗಿದಾಗ ಆಕೆ ಕಿಟಕಿಯ ಚೌಕಟ್ಟು ಹಿಡಿದುಕೊಂಡಳು. ಎಪ್ಪತ್ತೊಂದರಲ್ಲಿ ಇದೆಂಥ ಹುಚ್ಚು ಎಂದು ತನ್ನನ್ನೇ ಬೈದುಕೊಂಡಳು.

“ಅಲುಗಾಡಬೇಡಿ, ಸೊಟ್ಟ ಆಗುತ್ತೆ.”

“ನಾನೆಲ್ಲಿ ಅಲುಗಾಡಿದೆ?”

“ಹಾಗಾದ್ರೆ ನನ್ನ ಕೈಯೇ ನಡುಗ್ತಿರಬೇಕು,” ಎಂದು ಆತ ತಲೆಯೆತ್ತಿ ನೋಡಿದ. ಆ ನೋಟದಲ್ಲಿ ತುಂಟತನ ಇರಲಿಲ್ಲ.

ಎದ್ದು ನಿಂತವನು ಹಾಗೇ ವಾಲಿದ. ಕಣ್ಣು ಕತ್ತಲೆ ಕಟ್ಟಿ, ಭುಜ ಮೇಜಿಗೆ ಬಡಿದು ನೆಲಕ್ಕೆ ಕುಸಿದ. ಪುಣ್ಯಕ್ಕೆ ಏನೂ ಮುರಿಯಲಿಲ್ಲ. ಬಿಪಿ ಮಾತ್ರೆ ಹೆಚ್ಚಾಗಿದೆ, ಕೂತವನು ಏಳುವಾಗ ರಕ್ತದೊತ್ತಡ ಇಳಿಯುತ್ತಿದೆ ಎಂದು ಆಕೆಗೆ ಆ ಕ್ಷಣವೇ ಗೊತ್ತಾಯಿತು.

“ಬರೀಬೇಡಿ ಮೇಡಂ,” ಎಂದು ಆತ ಅಂಗಲಾಚಿದ. “ಆ ವಾರ್ಡಿಗೆ ಹಾಕಿದ್ರೆ ನಾನು ಇದ್ದೂ ಸತ್ತ ಹಾಗೆ.”

ಗುರುವಾರ ಡಾಕ್ಟರ್ ಕೇಳಿದರು, “ಈ ವಾರ ಯಾರಾದ್ರೂ ಬಿದ್ರಾ ಸಿಸ್ಟರ್?”

“ಯಾರೂ ಇಲ್ಲ ಡಾಕ್ಟ್ರೇ.”

ಮಾತ್ರೆಯ ಮಾತೆತ್ತಿದರೆ ಬಿದ್ದ ವಿಷಯವೂ ಬಯಲಾಗುತ್ತಿತ್ತು. ಕಣ್ಣಲ್ಲಿ ಕಣ್ಣಿಟ್ಟು ತಾನೇ ನೋಡಿಕೊಂಡರಾಯಿತು ಎಂದುಕೊಂಡಳು. ದಿನವಿಡೀ ಆತನ ಪಕ್ಕದಲ್ಲೇ ಕೂತಳು, ಜೊತೆಗೇ ನಡೆದಳು, ಏಳುವಾಗ ತೋಳು ಕೊಟ್ಟಳು. ಅಷ್ಟು ಸುಖ ಆಕೆ ಜನ್ಮದಲ್ಲೇ ಕಂಡಿರಲಿಲ್ಲ. ಅದು ಒಂಬತ್ತು ದಿನ ನಡೆಯಿತು. ಹತ್ತನೆಯ ಬೆಳಗ್ಗೆ ಆತ ಸ್ನಾನದ ಮನೆಯ ಸ್ಟೂಲಿನಿಂದ ಒಬ್ಬನೇ ಎದ್ದು ಬಿದ್ದು ಸೊಂಟದ ಮೂಳೆ ಮುರಿದುಕೊಂಡ.

ಆಪರೇಷನ್ ಆಯಿತು. ಮಾತ್ರೆ ಅರ್ಧಕ್ಕೆ ಇಳಿಯಿತು. ಇನ್ನು ನಡೆಯುವುದು ಅನುಮಾನ ಎಂದರು.

ಆರೈಕೆ ವಾರ್ಡಿನ ಭೇಟಿಯ ಗಂಟೆಯಲ್ಲಿ ಆತ ಮಂಚದ ಕಂಬಿಯ ಸಂದಿಯಿಂದ ಕೈ ಚಾಚಿ ಆಕೆಯ ಕೈ ಹಿಡಿದ. “ನನಗೋಸ್ಕರ ಸುಳ್ಳು ಹೇಳಿದ್ರಿ. ಆ ಒಂಬತ್ತು ದಿನ ಸಾಯೋವರೆಗೂ ಮರೆಯಲ್ಲ.”

ಸುಮ್ಮನಿದ್ದಿದ್ದರೆ ಆ ಕೈ ಆಕೆಯದಾಗಿಯೇ ಉಳಿಯುತ್ತಿತ್ತು. ಆಕೆಯಿಂದ ಆಗಲಿಲ್ಲ.

“ಅವತ್ತೇ ಬರೆದಿದ್ರೆ ಡಾಕ್ಟ್ರು ಮಾತ್ರೆ ಕಡಿಮೆ ಮಾಡ್ತಿದ್ರು. ನೀವು ಬೀಳ್ತಿರಲಿಲ್ಲ.”

“ಈಗ ಗೊತ್ತಾಯ್ತಾ ಇದು?”

“ಇಲ್ಲ. ಅವತ್ತೇ ಗೊತ್ತಿತ್ತು.”

“ನಾನು ಕೇಳ್ಕೊಂಡೆ ಅಂತ ಸುಮ್ಮನಾದ್ರಾ?”

“ನಿಮಗೋಸ್ಕರ ಅಲ್ಲ, ನನಗೋಸ್ಕರ. ನೀವು ಇಲ್ಲಿಗೆ ಬಂದ್ಬಿಟ್ರೆ ವಾರಕ್ಕೆ ಒಂದು ಗಂಟೆ ನಿಮ್ಮನ್ನ ನೋಡ್ಕೊಂಡು ಬದುಕೋಕೆ ನನ್ನ ಕೈಲಿ ಆಗ್ತಿರಲಿಲ್ಲ. ನೀವಂದ್ರೆ ನನಗೆ ಅಷ್ಟು ಪ್ರೀತಿ.”



“ಮಾತ್ರೆ ವಿಷಯ ನನಗೆ ಹೇಳಿದ್ರೆ ನಾನೇ ಬರೆಸ್ತಿದ್ದೆ,” ಎಂದ ಆತ. “ಈ ವಾರ್ಡಿಗೆ ನಡ್ಕೊಂಡೇ ಬರ್ತಿದ್ದೆ.”

ದನಿಯಲ್ಲಿ ಸಿಟ್ಟಿರಲಿಲ್ಲ. ಮೆಲ್ಲಗೆ ಕೈ ಬಿಡಿಸಿಕೊಂಡು ಹೊದಿಕೆಯೊಳಗೆ ಇಟ್ಟುಕೊಂಡ.

“ಇನ್ನೂ ಅರ್ಧ ಗಂಟೆ ಇದೆ,” ಎಂದಳು ಆಕೆ.

“ಇರಲಿ,” ಎಂದ ಆತ. “ನೀವು ಹೋಗಿ.”